ಪೇಪರ್ ಮ್ಯಾಲೇ ಬರೀತೀನಿ ಅಂದಿದ್ದಳು ಅಕ್ಕ

ಅಕ್ಕ ನಿಪ್ಪಾಣಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ನಾನು ರಾಯಬಾಗದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನಲವತ್ತು ತುಂಬುವ ಹೊತ್ತಿಗೆ ಅವಳು ಐರ್ಲೆಂಡಿಗೆ ಹೋಗುತ್ತೇನೆಂದು ಹೊರಟಳು. ಅವಳ ಜೊತೆ ಕೆಲಸ ಮಾಡಿದ್ದ ಗೆಳತಿಯೊಬ್ಬಳು ಅಲ್ಲಿಂದ ಫೋನಿನಲ್ಲಿ ತನ್ನ ವಾರ್ಡನ್ನು ತೋರಿಸಿದ್ದಳಂತೆ. ಮುದುಕಿಯೊಬ್ಬಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನರ್ಸೊಬ್ಬಳು ಮಾತಾಡುತ್ತಿದ್ದಳು. ಅಕ್ಕನ ಮನಸ್ಸಿಗೆ ಹಿಡಿಸಿದ್ದು ಅದು.

"ಇಲ್ಲಿ ಇಡೀ ವಾರ್ಡಿಗೆ ನಾ ಒಬ್ಬಾಕಿ. ಸೂಜಿ ಚುಚ್ಚಿ ಓಡೂದು, ಮತ್ತೊಬ್ಬರಿಗೆ ಚುಚ್ಚೂದು. ಯಾರ ಮಾತೂ ಪೂರಾ ಕೇಳಾಕ ಆಗಂಗಿಲ್ಲ. ಒಮ್ಮೆ ಹಂಗ ಕೂತು ಕೆಲಸ ಮಾಡಬೇಕಂತ ಆಸೆ ಐತಿ ನೋಡ," ಎಂದಳು.

ಅದಕ್ಕೆ ಮೊದಲು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಆ ಹೊತ್ತಿಗಷ್ಟೇ ಅದನ್ನು ಎರಡು ರೀತಿ ಬರೆಯುವ ಅವಕಾಶ ಬಂದಿತ್ತು. ಬೇಕಾದವರು ಹಳೆಯ ಪದ್ಧತಿಯಂತೆ ಕಾಗದದ ಮೇಲೆ ಬರೆಯಬಹುದು, ಬೇಕಾದವರು ಕಂಪ್ಯೂಟರಿನಲ್ಲಿ ಟೈಪ್ ಮಾಡಬಹುದು. ಪ್ರಶ್ನೆಗಳು ಒಂದೇ ಬಗೆಯವು. ಮಾತಿನ ಭಾಗಕ್ಕೆ ಎರಡರಲ್ಲೂ ಪರೀಕ್ಷಕರ ಎದುರೇ ಕೂರಬೇಕು.

ಭಾನುವಾರದ ಬಸ್ಸಿನಲ್ಲಿ ಚಿಕ್ಕೋಡಿಯ ಮೇಲೆ ನಿಪ್ಪಾಣಿಗೆ ಹೋಗಿ ನಾನು ಅವಳಿಗೆ ಪಾಠ ಹೇಳುತ್ತಿದ್ದೆ. ಮೊದಲ ದಿನವೇ ಕಂಪ್ಯೂಟರ್ ತಗೋ ಎಂದೆ. ಫಲಿತಾಂಶ ಬೇಗ ಬರುತ್ತದೆ, ಎಷ್ಟು ಪದವಾಯಿತೆಂದು ಪರದೆಯೇ ತೋರಿಸುತ್ತದೆ, ಒಂದು ವಾಕ್ಯ ಬೇಡವಾದರೆ ಅಳಿಸುವ ಕಷ್ಟವಿಲ್ಲ. ನಿಪ್ಪಾಣಿ ತಹಶೀಲ್ದಾರ್ ಕಚೇರಿ ಹತ್ತಿರ ಭಾವನದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇತ್ತು. ಅಭ್ಯಾಸಕ್ಕೆ ಕಂಪ್ಯೂಟರ್ ಹುಡುಕಿಕೊಂಡು ಹೋಗುವ ಅಗತ್ಯವೂ ಇರಲಿಲ್ಲ.

"ಬ್ಯಾಡ. ನಾ ಪೇಪರ್ ಮ್ಯಾಲೇ ಬರೀತೀನಿ. ಪೆನ್ಸಿಲ್ ಹಿಡದ್ರ ನನಗ ತಲೀನೂ ಓಡತೈತಿ," ಎಂದಳು ಅಕ್ಕ.

ನನಗೆ ಅದು ಸಹಜವೆನಿಸಿತು. ಅವಳ ಅಕ್ಷರ ಅಷ್ಟು ಚಂದ. ನಮ್ಮೂರು ಅಕ್ಕೋಳದ ಮನೆಯ ಪಡಸಾಲೆಯಲ್ಲಿ ಅವ್ವ ಬೀಡಿ ಕಟ್ಟುತ್ತಿದ್ದಾಗ, ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದು ಮೊದಲು ಕನ್ನಡ, ಆಮೇಲೆ ಇಂಗ್ಲಿಷ್ ತಿದ್ದಿಸಿದವಳು ಅವಳು. ಓಣಿಯಲ್ಲಿ ಯಾರ ಮನೆಯ ಲಗ್ನವಾದರೂ ಪತ್ರಿಕೆಯ ಮೇಲೆ ಹೆಸರು ಬರೆಯಲು ಅವಳನ್ನೇ ಕರೆಯುತ್ತಿದ್ದರು. ಮರಾಠಿ ಮನೆಯವರೂ ಕರೆಯುತ್ತಿದ್ದರು. ಆಸ್ಪತ್ರೆಯ ದೊಡ್ಡ ಡಾಕ್ಟರು ಹೊಸ ನರ್ಸುಗಳಿಗೆ ಅವಳು ಬರೆದ ಚಾರ್ಟನ್ನು ತೋರಿಸಿ, ಹಿಂಗ ಬರೀರಿ ಎನ್ನುತ್ತಿದ್ದರಂತೆ. ಅಂಥವಳು ಕೀಬೋರ್ಡ್ ಬೇಡವೆಂದರೆ ನಾನೇಕೆ ಹಟ ಹಿಡಿಯಲಿ ಎಂದು ಸುಮ್ಮನಾದೆ.

ಮಳೆಗಾಲ ಹಿಡಿಯಿತು. ಅಕ್ಕ ಡ್ಯೂಟಿ ಮುಗಿಸಿ ಊರೊಳಗಿನ ಒಂದು ಇಂಗ್ಲಿಷ್ ಕ್ಲಾಸಿಗೂ ಹೋಗತೊಡಗಿದಳು. ಅಲ್ಲಿನ ಸರ್ ಮಾತಿನ ನಡುವೆ ಮರಾಠಿ ಬೆರೆಸುವ ಮನುಷ್ಯ. ಒಂದು ಭಾನುವಾರ ನನ್ನನ್ನೂ ಬರಹೇಳಿ, ಅವಳು ಬರೆದ ಪ್ರಬಂಧವನ್ನು ಮುಂದಿಟ್ಟರು.

"ಬಘಾ ಮ್ಯಾಡಂ, ಇಂಗ್ಲಿಷ್ ಏಕದಮ್ ಚಲೋ ಐತ್ರಿ. ಆದ್ರ ಅರ್ಧಾ ಆದಮ್ಯಾಲ ಅಕ್ಷರಾನ ತಿಳಿಯಂಗಿಲ್ಲ. ನಿಮ್ಮ ಅಕ್ಕಾವ್ರಿಗೆ ಕಂಪ್ಯೂಟರ್ ಪರೀಕ್ಷಾ ಕೊಡಸ್ರಿ."

ನಾನು ನೋಡಿದೆ. ಮೊದಲ ನಾಲ್ಕು ಸಾಲು ನನಗೆ ಗೊತ್ತಿದ್ದ ಅಕ್ಕನ ಕೈಬರಹ. ಅಲ್ಲಿಂದ ಕೆಳಗೆ ಅಕ್ಷರಗಳು ಸಣ್ಣದಾಗುತ್ತ ಹೋಗಿ, ಕೊನೆಗೆ ಇರುವೆಸಾಲಿನಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅಕ್ಕ ಆ ಹಾಳೆಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡಳು.

ಮೆಟ್ಟಿಲಿಳಿಯುವಾಗ, "ಚಾಳೀಸು ಬಂದಿರಬೇಕು ನಿನಗ. ಕಣ್ಣು ತೋರಸೋಣು," ಎಂದೆ.

"ಕಣ್ಣು ಚಲೋ ಅದಾವು."

"ಮತ್ತ ಅಷ್ಟು ಸಣ್ಣ ಯಾಕ ಬರೀತಿ?"

"ಆ ಸರ್‌ಗೆ ಓದಾಕ ಬರಂಗಿಲ್ಲ ಅಂದ್ರ ನಾ ಏನ ಮಾಡ್ಲಿ? ಪೇಪರ್ ಅಂದ್ರ ಪೇಪರ್. ಮತ್ತ ಆ ಮಾತು ತಗೀಬ್ಯಾಡ ನೀ."

ಅಕ್ಕ ನನ್ನ ಮೇಲೆ ಹಾಗೆ ಹಿಂದೆಂದೂ ಸಿಟ್ಟಾದದ್ದು ನನಗೆ ನೆನಪಿರಲಿಲ್ಲ. ಮನೆಯವರೆಗೂ ಮುಂದೆ ಮುಂದೆ ನಡೆದಳು. ಹಿಂದಿನಿಂದ ನೋಡುತ್ತ ಬಂದ ನನಗೆ ಕಂಡದ್ದು ಅವಳ ಬಲಗೈ. ಎಡಗೈ ನಡಿಗೆಗೆ ತಕ್ಕಂತೆ ಬೀಸುತ್ತಿತ್ತು. ಬಲಗೈ ಪಕ್ಕೆಗೆ ಅಂಟಿದ ಹಾಗೆ ನಿಂತಿತ್ತು.

ಮನೆಯಲ್ಲಿ ಅವಳು ಚಹಾಕ್ಕಿಟ್ಟಳು. ಡಬ್ಬಿಯ ಮುಚ್ಚಳ ತೆಗೆಯಲು ಎಡಗೈ ಬಳಸಿದಳು. ನಾನು ಹತ್ತಿರ ಹೋಗಿ ಆ ಬಲಗೈಯನ್ನು ಹಿಡಿದುಕೊಂಡೆ. ಬೆರಳುಗಳು ಬಿಗಿಯಾಗಿದ್ದವು. ಹೆಬ್ಬೆರಳು ನನ್ನ ಅಂಗೈಯೊಳಗೆ ತನ್ನಷ್ಟಕ್ಕೇ ಅಲುಗುತ್ತಿತ್ತು.

"ಅಕ್ಕಾ, ಇದು ಯಾವಾಗಿಂದ?"

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಗ್ಯಾಸ್ ಸಣ್ಣ ಮಾಡಿ ನೆಲಕ್ಕೆ ಕೂತಳು.

"ಯುಗಾದಿಗಿಂತ ಮೊದಲಿಂದ. ನನಗ ಗೊತ್ತೈತಿ ಇದು ಏನಂತ. ಇಂಥ ಪೇಶಂಟುಗೋಳನ್ನ ನೋಡೀನಿ. ಅವರಿಗೆ ಊಟಾ ಮಾಡಿಸೀನಿ."

"ಮತ್ತ ಯಾರಿಗೂ ಯಾಕ ಹೇಳಲಿಲ್ಲ?"

"ಪೇಪರ್ ಮ್ಯಾಲ ಪರೀಕ್ಷಾ ಬರದ್ರ, ಕೈ ಇನ್ನೂ ನಂದ ಐತಿ ಅಂತ ತಿಳ್ಕೋತಿದ್ನಿ. ಕಂಪ್ಯೂಟರ್ ತಗೊಂಡ್ರ ಕೈ ಹೋತು ಅಂತ ನಾನ ಒಪ್ಪಿಕೊಂಡಂಗ ಆಗತಿತ್ತಲ್ಲ."

ಆಗ ಅತ್ತವಳು ನಾನು. ಅವಳು ಎದ್ದು ಚಹಾ ಸೋಸಿದಳು.

ಭಾವನಿಗೆ ಅವಳೇ ಹೇಳಿದಳು. ಮೂವರೂ ಮೀರಜಿಗೆ ಹೋದೆವು. ಅಲ್ಲಿಯ ನರರೋಗದ ಡಾಕ್ಟರು ಅವಳನ್ನು ಕಾರಿಡಾರಿನಲ್ಲಿ ನಡೆಸಿ ನೋಡಿದರು, ಬೆರಳುಗಳನ್ನು ಬೇಗ ಬೇಗ ಮುಚ್ಚಿ ತೆರೆಯಲು ಹೇಳಿದರು. ಪಾರ್ಕಿನ್ಸನ್ ಎಂದರು, ಅಕ್ಷರ ಸಣ್ಣದಾಗುವುದು, ಮುಂದೆ ದನಿ ತಗ್ಗುವುದು ಅದರದೇ ಲಕ್ಷಣವಂತೆ. ಇಷ್ಟು ಸಣ್ಣ ವಯಸ್ಸಿಗೆ ಅಪರೂಪ, ಗುಳಿಗೆಯಿಂದ ಹತೋಟಿಯಲ್ಲಿಡಬಹುದು, ವಾಸಿಯಾಗುವ ಕಾಯಿಲೆಯಲ್ಲ ಎಂದರು. ಅಕ್ಕ ಗುಳಿಗೆಯ ಪ್ರಮಾಣವನ್ನೂ ಹೊತ್ತನ್ನೂ ನರ್ಸಿನ ಹಾಗೆಯೇ ಮರಳಿ ಹೇಳಿ ಖಚಿತಪಡಿಸಿಕೊಂಡಳು. ವಾಪಸು ಬರುವಾಗ, ಕಾಗವಾಡ ದಾಟಿದ ಮೇಲೆ, ಅವಳೇ ಭಾವನ ಕಡೆ ತಿರುಗಿ, "ರೀ, ಅಂಗಡ್ಯಾಗ ಟೈಪ್ ಕಲಸ್ರಿ ನನಗ," ಎಂದಳು.

ಭಾವ ತಲೆಯಾಡಿಸಿ ಕಿಟಕಿಯ ಹೊರಗೆ ನೋಡತೊಡಗಿದರು.

ಮುಂದಿನ ಭಾನುವಾರಗಳಲ್ಲಿ ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ನಾವು ಕೂರುತ್ತಿದ್ದೆವು. ಗುಳಿಗೆ ತಗೊಂಡ ಮೇಲೆ ಕೈ ಸ್ವಲ್ಪ ಸಡಿಲವಾಗುತ್ತಿತ್ತು. ಆ ಹೊತ್ತಿನಲ್ಲಿ ಅವಳು ಟೈಪ್ ಮಾಡುತ್ತಿದ್ದಳು. ಬಲಗೈ ಒಂದು ಅಕ್ಷರದ ಮೇಲೆ ನಿಂತುಬಿಟ್ಟರೆ ಅದೇ ಅಕ್ಷರ ಸಾಲುಗಟ್ಟಿ ಬೀಳುತ್ತಿತ್ತು. ಭಾವ ಯಾವುದೋ ಸೆಟ್ಟಿಂಗ್ ಬದಲಿಸಿ ಅದನ್ನು ನಿಲ್ಲಿಸಿದರು. ಅಕ್ಕ ಅದನ್ನು ಮೊದಲಿನಂತೆ ಮಾಡಿಸಿದಳು.

"ಪರೀಕ್ಷಾದಾಗ ನೀವು ಇರಂಗಿಲ್ಲಲ್ರಿ," ಎಂದಳು.

ಈ ಪರೀಕ್ಷೆ ಇನ್ನು ಯಾಕೆಂದು ನಾನು ಕೇಳಲಿಲ್ಲ. ಭಾವನೂ ಕೇಳಲಿಲ್ಲ. ಅವಳಿಗೆ ಬೆಳಿಗ್ಗೆ ಏಳಲು ಏನಾದರೂ ಬೇಕಿತ್ತು ಎಂದು ಈಗ ಅನಿಸುತ್ತದೆ.

ಪರೀಕ್ಷೆ ಪುಣೆಯಲ್ಲಿತ್ತು. ಹೊರಗಿನ ಬೆಂಚಿನ ಮೇಲೆ ಭಾವ ಮತ್ತು ನಾನು ಕಾದೆವು. ಅವಳು ಹೊರಬಂದಾಗ ಮುಖ ಬೆವರಿತ್ತು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. "ಮುಗಸೀನಿ," ಎಂದಷ್ಟೇ ಹೇಳಿದಳು. ಒಂದು ವಾರದೊಳಗೆ ಫಲಿತಾಂಶ ಬಂತು. ನಾಲ್ಕೂ ಭಾಗಗಳಲ್ಲಿ ನರ್ಸುಗಳಿಗೆ ಬೇಕಾದಷ್ಟು ಅಂಕ ಬಂದಿದ್ದವು. ಬರವಣಿಗೆಯಲ್ಲಿ ಇನ್ನೂ ಸ್ವಲ್ಪ ಹೆಚ್ಚೇ ಬಂದಿತ್ತು.

ವಿದೇಶಕ್ಕೆ ನರ್ಸುಗಳನ್ನು ಕಳಿಸುವ ಏಜೆಂಟ್ ಫೋನ್ ಮಾಡಿ ಅಭಿನಂದಿಸಿದ. ಮೆಡಿಕಲ್ ಪರೀಕ್ಷೆಗೆ ಯಾವಾಗ ಬರುತ್ತೀರಿ ಎಂದು ಕೇಳಿದ. ಅಕ್ಕ ಸ್ಪೀಕರ್ ಹಾಕಿದ್ದಳು.

"ನನ್ನ ಹೆಸರು ತಗದುಬಿಡ್ರಿ. ನಾ ಬರಂಗಿಲ್ಲ," ಎಂದಳು.

"ಯಾಕ್ರಿ ಸಿಸ್ಟರ್, ಇಷ್ಟು ಚಲೋ ಸ್ಕೋರ್ ಬಂದೈತಿ."

"ಸ್ಕೋರ್ ಬಂದೈತ್ರಿ. ಸೂಜಿ ಹಿಡಿಯೂ ಕೈ ಇಲ್ಲ."

ಅವನಿಗೆ ಅರ್ಥವಾಗಲಿಲ್ಲ. ಮತ್ತೆ ಮತ್ತೆ ಕೇಳಿದ. ಅವಳು ಮತ್ತೆ ಮತ್ತೆ ಅದನ್ನೇ, ದನಿ ಏರಿಸದೆ ಹೇಳಿದಳು.

ಆಮೇಲೆ ಆಸ್ಪತ್ರೆಯವರಿಗೂ ತಾನಾಗಿ ಹೇಳಿ ವಾರ್ಡಿನ ಕೆಲಸ ಬಿಟ್ಟಳು. ಅವರು ಅವಳನ್ನು ಹೊರರೋಗಿಗಳ ವಿಭಾಗದಲ್ಲಿ ಕೂರಿಸಿದರು. ಬಂದವರಿಗೆ ಗುಳಿಗೆ ಯಾವುದು ಯಾವಾಗ ಎಂದು ವಿವರಿಸುವ ಕೆಲಸ. ಅಲ್ಲಿ ಕುರ್ಚಿ ಇದೆ, ಮಾತೂ ಇದೆ. ಹೊತ್ತು ಏರಿದಂತೆ ಮಾತ್ರ ಅವಳ ದನಿ ತಗ್ಗುತ್ತದೆ, ಮುದುಕರು ಕಿವಿ ಮುಂದೆ ತಂದು ಕೇಳುತ್ತಾರೆ.

ಆ ಪರೀಕ್ಷೆಯ ಫಲಿತಾಂಶಕ್ಕೆ ಎರಡು ವರ್ಷದ ಆಯುಷ್ಯ. ಅದು ಮುಗಿಯುವ ದಿನ ನನಗೆ ನೆನಪಿತ್ತು. ಫೋನ್ ಮಾಡಿದೆ. ಇಬ್ಬರೂ ಅದರ ಮಾತೆತ್ತಲಿಲ್ಲ.

"ಅಥಣಿ ಕಡೆ ದ್ರಾಕ್ಷಿ ಬಂದಿರಬೇಕಲ್ಲ. ಬರೂಮುಂದ ತಗೊಂಬಾ," ಎಂದಳು.

ಭಾನುವಾರ ತಗೊಂಡು ಹೋದೆ. ಅವಳು ಗೊಂಚಲನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಹಣ್ಣು ಬಿಡಿಸಿ ತಿಂದಳು. ಕೆಲವು ಜಾರಿ ನೆಲಕ್ಕೆ ಬಿದ್ದವು. ಬಿಡಿಸಿಕೊಡಲೇ ಎಂದು ನಾನು ಕೇಳಲಿಲ್ಲ. ಎದುರಿಗೆ ಕೂತು ಶಾಲೆಯ ಸುದ್ದಿ ಹೇಳುತ್ತ ಹೋದೆ, ಅವಳು ಕೇಳುತ್ತ ತಿಂದಳು.