ಕರಿ ಕವರ್ ನಿಂತ ಮೇಲೆ

ಪ್ಲಾಸ್ಟಿಕ್ ನಿಷೇಧದಿಂದ ಯಾರಿಗೆ ಏನಾಯಿತೋ ಗೊತ್ತಿಲ್ಲ, ನನ್ನ ಭಾನುವಾರಗಳಂತೂ ಕೆಟ್ಟುಹೋದವು. ಗಿರಿನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಆಂಟಿ ಕೀಲಿ ಕೊಡುವ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ: "ನೀವು ನಾನ್‌ವೆಜ್ ಮಾಡಲ್ಲ ತಾನೆ?" ಅದಕ್ಕೂ ಮೊದಲು ಮೂರು ಮನೆಯವರು ಇದೇ ವಿಷಯಕ್ಕೆ ನಮ್ಮನ್ನು ಬಾಗಿಲಲ್ಲೇ ಸಾಗಹಾಕಿದ್ದರು. ಮಗಳ ಸ್ಕೂಲು ಎದುರು ರಸ್ತೆಯಲ್ಲೇ ಇತ್ತು. ಮಾಡಲ್ಲ ಅಂದುಬಿಟ್ಟೆ.

ಆಮೇಲೆ ನನ್ನ ಮಾನ ಕಾಪಾಡಿದ್ದು ಮಟನ್ ಅಂಗಡಿಯ ಕರಿ ಕವರ್. ಅದರೊಳಗೆ ಏನಿದೆಯೆಂದು ಆ ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಆಂಟಿ ಮಗನ ಮನೆಗೆ ಹೊರಟರೆಂದರೆ ನಮ್ಮ ಕುಕ್ಕರ್ ಕೂಗುತ್ತಿತ್ತು. ಎರಡು ಸಲ ದಂಡ ಕಟ್ಟಿದ ಮೇಲೆ ಅಂಗಡಿಯವನು ಕವರ್ ನಿಲ್ಲಿಸಿ, ಎಲೆಯಲ್ಲಿಟ್ಟು ಪೇಪರ್ ಸುತ್ತಿ ಕೊಡತೊಡಗಿದ. ಮನೆ ಮುಟ್ಟುವಷ್ಟರಲ್ಲಿ ಬಟ್ಟೆ ಚೀಲದ ತಳ ಕೆಂಪಗಾಗುತ್ತಿತ್ತು. "ಡಬ್ಬಿ ತನ್ನಿ ಅಕ್ಕ, ನಾನೇನ್ ಮಾಡ್ಲಿ" ಎಂದ. ಮೈಯೆಲ್ಲ ಉರಿಯಿತು. ಸೊಪ್ಪು ಕೊಳ್ಳುವವಳು ಚೀಲ ಮರೆತರೆ ಸೆರಗಿಗೆ ಸುರಿದುಕೊಂಡು ಬರಬಹುದು, ನನಗೆ ಆ ಭಾಗ್ಯವೂ ಇಲ್ಲ. ಕೊನೆಗೆ ಸ್ಟೀಲ್ ಟಿಫನ್ ಕ್ಯಾರಿಯರ್ ಕೊಂಡೆ.

ಒಂದು ಭಾನುವಾರ ಎಂಟು ವರ್ಷದ ಮಗಳ ಜೊತೆ ಅದನ್ನು ಹಿಡಿದು ಬರುತ್ತಿದ್ದೆ. ಗೇಟಿನಲ್ಲೇ ಆಂಟಿ.

"ಒಳ್ಳೇ ಕೆಲಸ ಕಣಮ್ಮ. ಪ್ಲಾಸ್ಟಿಕ್ ಬೇಡ ಅಂತ ಪಾತ್ರೆ ತಗೊಂಡ್ ಹೋಗೋರು ಎಷ್ಟು ಜನ ಇದ್ದಾರೆ? ಏನ್ ತಂದ್ರಿ?"

"ಸಾಂಬಾರು ಆಂಟಿ, ಹೋಟೆಲಿಂದ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕ್ಯಾರಿಯರನ್ನು ಬೆನ್ನ ಹಿಂದಕ್ಕೆ ಸರಿಸಿದೆ.

"ಹೌದಾ? ನಾನು ಇವತ್ತು ಬರೀ ಇಡ್ಲಿ ಮಾಡಿದ್ದೀನಿ. ಒಂದೆರಡು ಸೌಟು ಹಾಕ್ಕೊಡಿ, ಪಾತ್ರೆ ತರ್ತೀನಿ."

ಈ ಮನೆ ಬಿಡಿಸಿದರೆ ವರ್ಷದ ನಡುವೆ ಮಗುವನ್ನು ಕಟ್ಟಿಕೊಂಡು ಮತ್ತೆ ಯಾರ ಬಾಗಿಲಲ್ಲಿ ನಿಲ್ಲಲಿ?

"ಬೇಡ ಆಂಟಿ, ಅದು ಹಳಸೋಗಿದೆ," ಅಂದಳು ಮಗಳು. "ದಾರೀಲಿ ಅಮ್ಮ ಮೂಸಿ ನೋಡಿದ್ರು." ಕಣ್ಣು ಕೂಡ ಮಿಟುಕಿಸಲಿಲ್ಲ.

"ಅಯ್ಯೋ, ವಾಪಸ್ ಕೊಟ್ಟು ಬನ್ನಿ ಮತ್ತೆ. ದುಡ್ಡೇನು ಪುಕ್ಕಟೆ ಬರುತ್ತಾ?"

ಬಂದ ದಾರಿಯಲ್ಲೇ ತಿರುಗಿ ನಡೆದೆವು. ಆಂಟಿಯ ಮೇಲೆ, ಕಾನೂನಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆಯೇ ಸಿಟ್ಟು ಬಂದಿತ್ತು. ನಮ್ಮ ದುಡ್ಡಿನಲ್ಲಿ ನಾವು ತಿನ್ನುವುದಕ್ಕೆ ಇಷ್ಟೆಲ್ಲ ನಾಟಕ. ರಸ್ತೆ ಮೂಲೆ ದಾಟಿದ ಮೇಲೆ ಮಗಳು ಕೈ ಜಗ್ಗಿದಳು.

"ಸರಿಯಾಗಿ ಹೇಳಿದ್ನಾಮ್ಮಾ?"

"ಹೂಂ ಕಂದ," ಅಂದೆ, "ಸರಿಯಾಗೇ ಹೇಳ್ದೆ."