ಬಲಿಷ್ಠ ಅಲ್ಲ, ಒಗ್ಗಿದ್ದು

ಅಕ್ಕ ಪುಸ್ತಕಗಳ ಜೊತೆ ಜಗಳ ಕಾಯುತ್ತಿದ್ದಳು. ಕೆಳಗೆ ಗಡಿಯಾರ ರಿಪೇರಿ ಅಂಗಡಿಯಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ತಮ್ಮನಿಗೆ ಅವಳ ಬೈಗುಳವೆಲ್ಲ ಮಹಡಿಯಿಂದ ಕೇಳಿಸುತ್ತಿತ್ತು. “ಅಯ್ಯೋ ನಿನ್ನ, ಇಷ್ಟುದ್ದ ವಾಕ್ಯ ಯಾಕೆ ಬರೆದೆಯೋ ಮಾರಾಯ! ಉಸಿರು ಬಿಡೋದು ಎಲ್ಲಿ?”

ಗಿರಾಕಿಗಳು ಬೆಚ್ಚಿ ಮೇಲೆ ನೋಡುತ್ತಿದ್ದರು. “ಏನಿಲ್ಲ, ನಮ್ಮಕ್ಕ ಗಡ್ಡದಜ್ಜನ ಹತ್ರ ಮಾತಾಡ್ತಿದಾಳೆ” ಅನ್ನುತ್ತಿದ್ದ ತಮ್ಮ.

“ಓ, ಮನೇಲಿ ಹಿರಿಯರಿದಾರಾ?”

“ಇಲ್ಲ, ತೀರಿಕೊಂಡು ಬಹಳ ಕಾಲ ಆಯ್ತು.”

ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಗಡ್ಡದಜ್ಜ ಅಂದರೆ ಬೇರೆ ಯಾರೂ ಅಲ್ಲ. ಜೀವಜಾತಿಗಳು ಒಂದರಿಂದ ಒಂದು ಹೇಗೆ ಮೂಡಿದವು ಅಂತ ಬರೆದು ಜಗತ್ತಿನ ನಿದ್ದೆ ಕೆಡಿಸಿದ ಆ ಹಳೆಯ ಪ್ರಕೃತಿ ವಿಜ್ಞಾನಿ. ಅವನ ಬರಹಗಳನ್ನು ನಮ್ಮ ಮಾತಿಗೆ ತರುವುದು ಅಕ್ಕನ ಕೆಲಸ. ಪ್ರಾಣಿಶಾಸ್ತ್ರ ಓದಿದವಳು, ಕಾಲೇಜಿನ ಪ್ರಕಟಣ ವಿಭಾಗದಲ್ಲಿ ಅನುವಾದಕಿ. ಮದುವೆಯ ಮಾತೆತ್ತಿದವರಿಗೆ “ಈ ಅಧ್ಯಾಯ ಮುಗೀಲಿ” ಅನ್ನುತ್ತಿದ್ದಳು. ಅಧ್ಯಾಯಗಳು ಮುಗಿದವು, ಕೇಳುವವರೂ ಮುಗಿದರು.

ಅಕ್ಕ ತೀರಿಕೊಂಡ ಮೇಲೆ ಈಗ ಆ ಮಹಡಿ ಖಾಲಿ. ತಮ್ಮನಿಗೂ ವಯಸ್ಸಾಗಿದೆ, ಸಣ್ಣ ವಾಚುಗಳನ್ನು ಮುಟ್ಟುವುದಿಲ್ಲ. ಆದರೆ ಆ ಒಂದು ಪದದ ಕಥೆ ನೆನೆದಾಗೆಲ್ಲ ಅವನ ಮುಖದಲ್ಲಿ ಮೊದಲು ನಗು ಬರುತ್ತದೆ, ಹಿಂದೆಯೇ ಸಿಟ್ಟು.

ಚಿಕ್ಕಂದಿನಲ್ಲಿ ಜ್ವರ ಬಂದು ಅವನ ಎಡಗಾಲು ಸೊರಗಿತ್ತು. ಶಾಲೆಯಲ್ಲಿ ಓಟಕ್ಕೆ ಸಾಲು ನಿಂತಾಗ ಆಟದ ಮೇಷ್ಟ್ರು ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿದ್ದರು. “ಬಲಿಷ್ಠರ ಉಳಿವು ಅಂತ ಪಾಠದಲ್ಲೇ ಇದೆಯಲ್ಲೋ, ಓದಿಲ್ವಾ? ನೀನು ಗೋಡೆ ಪಕ್ಕ ಕೂತ್ಕೋ, ರಾಜ.” ಹುಡುಗರು ಗೊಳ್ಳೆಂದರು. ಮೇಷ್ಟ್ರು ಕೆಟ್ಟವರಲ್ಲ. ಪುಸ್ತಕದಲ್ಲಿ ಇದ್ದದ್ದನ್ನೇ ಹೇಳಿದ್ದರು, ಅದೇ ಹೊಟ್ಟೆ ಉರಿಸುವ ಸಂಗತಿ. ಆ ಎರಡು ಪದ ಜೀವಶಾಸ್ತ್ರದ ಪಾಠದಿಂದ ಅರ್ಥಶಾಸ್ತ್ರಕ್ಕೆ ನುಗ್ಗಿ, ಅಲ್ಲಿಂದ ಭಾಷಣಗಳಿಗೆ ಹಾರಿ, ಕಾರ್ಖಾನೆ ಮಾಲೀಕರ ಬಾಯಲ್ಲೂ ಕುಣಿಯುತ್ತಿದ್ದವು. ಪಂಡಿತರೊಬ್ಬರು ಪದ ತಪ್ಪಿದರೆ ಅದರ ಏಟು ಬೀಳುವುದು ಪಂಡಿತರ ಬೆನ್ನಿಗಲ್ಲವಲ್ಲ!

ಅಕ್ಕ ಮೂಲ ಬರಹಕ್ಕೆ ಕೈಹಾಕಿದ್ದೇ, ಮೆಟ್ಟಿಲು ದಡದಡ ಇಳಿದು ಬಂದಳು. “ಕೇಳೋ ಇಲ್ಲಿ. ಆ ಮಾತು ಅಜ್ಜನದೇ ಅಲ್ಲ! ಇನ್ಯಾವನೋ ಪಂಡಿತ ಹುಟ್ಟಿಸಿದ್ದು, ಇವನು ಆಮೇಲೆ ಸೇರಿಸಿಕೊಂಡಿದ್ದು. ಅದರಲ್ಲೂ ಬಲ ಗಿಲ ಏನಿಲ್ಲ, ಇರೋ ಜಾಗಕ್ಕೆ ಹೊಂದೋದು ಅಂತ ಅರ್ಥ. ಗಾಳಿ ಹೊಡೆಯೋ ದ್ವೀಪದಲ್ಲಿ ಚೆನ್ನಾಗಿ ಹಾರೋ ದುಂಬಿಗಳು ಸಮುದ್ರದ ಪಾಲಾಗ್ತವಂತೆ. ರೆಕ್ಕೆ ಸೊರಗಿದವು ನೆಲ ಕಚ್ಚಿಕೊಂಡು ಬದುಕ್ತವಂತೆ. ಇದನ್ನ ಬಲಿಷ್ಠ ಅಂತೀಯಾ?”

“ನಾನೇನೂ ಅಂದಿಲ್ಲವಲ್ಲಕ್ಕ” ಅಂದ ತಮ್ಮ. ಕೈಯಲ್ಲಿದ್ದ ಗಡಿಯಾರದ ಮುಳ್ಳು ಎಲ್ಲೋ ಬಿದ್ದುಹೋಗಿತ್ತು.

ಬಲಿಷ್ಠ ಬೇಡ ಸರಿ, ಬದಲಿಗೆ ಯಾವುದು? ‘ಅರ್ಹ’ ಅಂದರೆ ಕೆಲಸಕ್ಕೆ ಅರ್ಜಿ ಹಾಕಿದ ಹಾಗಾಯಿತು. ‘ಯೋಗ್ಯ’ ಅಂದರೆ ಉಳಿಯದೆ ಹೋದವರೆಲ್ಲ ಅಯೋಗ್ಯರಾ? ತಿಂಗಳುಗಟ್ಟಲೆ ಮಹಡಿಯ ಮೇಲೆ ಓಡಾಟ, ಕೆಳಗೆ ಛಾವಣಿಯಿಂದ ಮಣ್ಣು ಉದುರುವುದು. ಆ ದಿನಗಳಲ್ಲೇ ತಮ್ಮ ಎಡಗಾಲಿಗೆ ದಪ್ಪ ಅಟ್ಟೆಯ ಬೂಟು ಮಾಡಿಸಿಕೊಂಡಿದ್ದ. ಆಫೀಸಿಗೆ ಹೊರಟ ಅಕ್ಕ ಬಾಗಿಲಲ್ಲಿ ತಿರುಗಿ, “ಏನೋ, ಹೊಸ ಬೂಟು ಕಾಲಿಗೆ ಒಗ್ಗಿತಾ?” ಅಂದಳು.

“ಎಲ್ಲಿ ಒಗ್ಗುತ್ತೆ, ಹಿಮ್ಮಡಿ ಹತ್ರ...”

ಅಕ್ಕ ಕೇಳಿಸಿಕೊಳ್ಳಲೇ ಇಲ್ಲ. ಬೀದಿಯಲ್ಲಿ ನಿಂತು ಗಟ್ಟಿಯಾಗಿ “ಒಗ್ಗಿದ್ದು! ಒಗ್ಗಿದ್ದು ಉಳಿಯಿತು!” ಅಂತ ಕೂಗಿದಳು. ಪಕ್ಕದ ಅಂಗಡಿಯವನು ತನ್ನನ್ನೇ ಕರೆದಳೆಂದು ಹೊರಗೆ ಬಂದ. ಬೂಟಿನ ಗತಿ ಏನಾಯಿತೆಂದು ಅವಳು ಮತ್ತೆಂದೂ ಕೇಳಲಿಲ್ಲ. ಅದು ಕೊನೆಯವರೆಗೂ ಕಚ್ಚುತ್ತಲೇ ಇತ್ತು.

ಹಸ್ತಪ್ರತಿ ಹೋಗಿದ್ದು ಪ್ರಧಾನ ಸಂಪಾದಕರ ಮೇಜಿಗೆ. ‘ಬಲಿಷ್ಠರ ಉಳಿವು’ ಅವರ ಗುರುಗಳು ಟಂಕಿಸಿದ ಪದ. ಅಂದು ಸಂಜೆ ಅಕ್ಕ ಅಂಗಡಿಯ ಸ್ಟೂಲಿನ ಮೇಲೆ ಕೂತು ಅವರದೇ ದನಿಯಲ್ಲಿ ಆಡಿ ತೋರಿಸಿದಳು.

“‘ಅಲ್ಲಮ್ಮಾ, ಒಗ್ಗು ಅನ್ನೋದು ಶಾಸ್ತ್ರದ ಮಾತಾ? ಒಗ್ಗರಣೆ ವಾಸನೆ ಬರುತ್ತೆ!’ ಅಂದ್ರು. ವಾಸನೆ ಬಂದ್ರೆ ಜನ ಒಳಗೆ ಬರ್ತಾರೆ ಸರ್ ಅಂದೆ.”

“ಭೇಷ್! ಆಮೇಲೆ?”

ಅಕ್ಕನ ದನಿ ಇಳಿಯಿತು. ಗುರುಗಳ ಪದ ಇಟ್ಟರೆ ಪುಸ್ತಕದ ಮೇಲೆ ಅವಳ ಹೆಸರು. ಒಗ್ಗು ಇಟ್ಟರೆ ಅದು ವಿಭಾಗದ ತೀರ್ಮಾನ ಅನ್ನಿಸಿಕೊಳ್ಳಬೇಕು, ಯಾರೋ ಒಬ್ಬ ಹೆಂಗಸು ಗುರುಗಳನ್ನು ತಿದ್ದಿದಳು ಅಂತ ಆಗಬಾರದು. ಆಗ ಹೆಸರು ಸಂಪಾದಕರದು ಮಾತ್ರ. ಯೋಚನೆ ಮಾಡಿ ಹೇಳು ಅಂದಿದ್ದರಂತೆ.

“ಇದ್ಯಾವ ನ್ಯಾಯ!” ತಮ್ಮ ಎದ್ದೇ ನಿಂತ. “ಹಗಲೂ ರಾತ್ರಿ ಕಣ್ಣು ಕಳಕೊಂಡಿದ್ದು ನೀನು. ನೀನೇನು ಹೇಳ್ದೆ?”

“ನನ್ನ ಪದ ಇರಲಿ ಅಂದೆ.”

“ಯೋಚನೆ ಮಾಡ್ಲಿಲ್ವಾ?”

“ಮಾಡೋದೇನಿದೆ? ಹೆಸರು ನೋಡೋರು ಒಬ್ಬರೋ ಇಬ್ಬರೋ. ಆ ಪದಾನ ಯಾವುದೋ ಶಾಲೇಲಿ ಯಾವನೋ ಮೇಷ್ಟ್ರು ಹುಡುಗನ ಮುಂದೆ ಆಡ್ತಾನೆ.” ಅವನ ಕಾಲಿನ ಕಡೆ ಅವಳು ನೋಡಲಿಲ್ಲ. ನೋಡಲಿಲ್ಲ ಅನ್ನುವುದು ಮಾತ್ರ ತಮ್ಮನಿಗೆ ಗೊತ್ತಾಯಿತು. ಅವನು ಚಹಾ ತರಲು ಹೋದ.

ಪುಸ್ತಕ ಬಂತು. ಅಂಟಿನ ವಾಸನೆ ಇನ್ನೂ ಆರಿರಲಿಲ್ಲ. ಮುಖಪುಟದಲ್ಲಿ ಅಜ್ಜನ ಹೆಸರು, ಸಂಪಾದಕರ ಹೆಸರು, ಎಲ್ಲಕ್ಕಿಂತ ದೊಡ್ಡದಾಗಿ ಕಾಲೇಜಿನ ಹೆಸರು. ಒಳಗೆ ಮಾತ್ರ, ಎಲ್ಲಿ ತೆರೆದರೂ, ಒಗ್ಗಿದ್ದು, ಒಗ್ಗಿದವು, ಒಗ್ಗದೆ ಹೋದವು. ತಮ್ಮ ಪೆನ್ನು ತೆಗೆದ. “ನಮ್ಮ ಪ್ರತಿಯಲ್ಲಾದರೂ ನಿನ್ನ ಹೆಸರು ಬರೀತೀನಿ.”

“ಇಡೋ ಪೆನ್ನು, ಪುಸ್ತಕ ಗಲೀಜು ಮಾಡಬೇಡ” ಅಂತ ಅಕ್ಕ ಕಿತ್ತುಕೊಂಡು ಪುಟ ಮಗುಚಿದಳು. ನಗುನಗುತ್ತಾ ಓದುತ್ತಿದ್ದವಳು ದುಂಬಿಗಳ ಪುಟಕ್ಕೆ ಬಂದಾಗ ಒಮ್ಮೆಲೇ ಹಣೆ ಚಚ್ಚಿಕೊಂಡಳು. “ಹಾಳಾದೋರು! ರೆಕ್ಕೆ ಅನ್ನೋ ಕಡೆ ರೊಕ್ಕ ಅಂತ ಅಚ್ಚು ಹಾಕಿದಾರಲ್ಲೋ! ರೊಕ್ಕ ಸೊರಗಿದ ದುಂಬಿಗಳು! ಓದಿದೋರು ಏನಂದ್ಕೋಬೇಕು?”

ಹೆಸರು ಹೋದಾಗ ಅಳದವಳು ಆ ಒಂದು ಅಚ್ಚಿನ ತಪ್ಪಿಗೆ ಇಡೀ ದಿನ ಊಟ ಬಿಟ್ಟು ಕೂತಳು.