ಅವ್ವ ಹುಡುಕಿಕೊಟ್ಟ ಹೊಂಡ

ನನ್ನ ಕೈಗೆ ವಿಡಿಯೊ ಗೇಮ್ ಬಂದಿದ್ದು ನಲವತ್ತು ದಾಟಿದ ಮೇಲೆ. ಸಂಡೂರಿನ ಗಣಿ ಕಚೇರಿಯೊಂದರಲ್ಲಿ ಅದಿರಿನ ಪುಡಿ ಪರೀಕ್ಷಿಸುವುದು ನನ್ನ ಕೆಲಸ. ವರ್ಗವಾಗಿ ಹೊರಟಿದ್ದ ಸಹೋದ್ಯೋಗಿಯೊಬ್ಬಳು ಟಿವಿಗೆ ಹಚ್ಚಿ ಆಡುವ ತನ್ನ ಗೇಮ್ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು, "ಮನ್ಯಾಗ ಇಟ್ಕೊಳ್ರಿ, ಬ್ಯಾಸರಾದಾಗ ಆಡ್ರಿ" ಎಂದಳು. ಬೆಳಗಿನ ಪಾಳಿ ಮುಗಿಸಿ ಬಸ್ಸಿನಲ್ಲಿ ಹೊಸಪೇಟೆಗೆ ಬಂದರೆ ನಾಲ್ಕು ಗಂಟೆ. ಮನೆಯಲ್ಲಿರುವುದು ನಾನು ಮತ್ತು ಅವ್ವ. ಕೂದಲಿನ ಕೆಂಪು ಧೂಳು ತೊಳೆದುಕೊಂಡು, ಚಹಾ ಕುಡಿದು, ಅಡುಗೆಗೆ ಏಳುವ ತನಕ ಒಂದು ಗಂಟೆ ಆಡುತ್ತಿದ್ದೆ. ಅದಕ್ಕಿಂತ ದೊಡ್ಡ ಆಟಗಾರ್ತಿ ನಾನಲ್ಲ.

ಮೊದಲು ಹಾಕಿದ್ದು ಲಾರಿ ಓಡಿಸುವ ಆಟ. ಎರಡೇ ದಿನಕ್ಕೆ ತೆಗೆದಿಟ್ಟೆ. ದಿನವೂ ಅದಿರಿನ ಲಾರಿಗಳ ಹಿಂದೆ ಬಸ್ಸಿನಲ್ಲಿ ತೆವಳುತ್ತ ಬರುವವಳಿಗೆ ಮನೆಯಲ್ಲೂ ಅದೇ ಬೇಕಿರಲಿಲ್ಲ.

ಎರಡನೆಯದು ಸಮುದ್ರಕ್ಕಿಳಿಯುವ ಆಟ. ಅದರಲ್ಲಿ ಗೆಲ್ಲುವುದು ಸೋಲುವುದು ಏನೂ ಇಲ್ಲ, ಬರೀ ಇಳಿಯುತ್ತ ಹೋಗುವುದು. ನೀಲಿ ಕಪ್ಪಾಗುವ ಜಾಗದಲ್ಲಿ ಒಂದು ತಿಮಿಂಗಿಲ ನನ್ನ ಪಕ್ಕದಲ್ಲೇ ಹಾದುಹೋಯಿತು. ಹಾದುಹೋಗುತ್ತಲೇ ಇತ್ತು. ಕಣ್ಣು ಬಂದು ಮರೆಯಾಗಿ ಎಷ್ಟೋ ಹೊತ್ತಾದರೂ ಮೈ ಮುಗಿಯಲಿಲ್ಲ. ನಾನು ಗುಂಡಿ ಒತ್ತುವುದನ್ನೇ ಮರೆತಿದ್ದೆ. ಹಿಂದೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದ ಅವ್ವನ ಕೈಯೂ ನಿಂತಿತ್ತು. "ಉಸಿರು ಬಿಡು" ಎಂದಳು. ನನಗೆ ಹೇಳಿದಳೋ, ತನಗೇ ಹೇಳಿಕೊಂಡಳೋ.

ಮೂರನೆಯ ಆಟ ಪಾಳುಬಿದ್ದ ಊರೊಂದರದು. ಆಟ ಮಾಡಿದವರೇ ಕಲ್ಪಿಸಿಕೊಂಡ ಊರು. ಅದರೊಳಗೆ ಒಬ್ಬ ಹೆಂಗಸು ಒಂಟಿಯಾಗಿ ನಡೆಯುತ್ತಾಳೆ. ಅವಳನ್ನು ನಡೆಸುವವರು ನಾವು. ನನ್ನ ಹೆಬ್ಬೆರಳು ಹೇಳಿದ ಮಾತು ಕೇಳದೆ, ಅವಳು ಗೋಡೆಗೆ ಮುಖ ಹಚ್ಚಿಕೊಂಡು ನಡೆಯುತ್ತಿದ್ದಳು, ಇಲ್ಲವೇ ಆಕಾಶ ನೋಡುತ್ತ ನಿಂತುಬಿಡುತ್ತಿದ್ದಳು. ಆದರೂ ಅಲ್ಲಿ ಇಳಿಬಿಸಿಲು ಕಂಬದಿಂದ ಕಂಬಕ್ಕೆ ಸರಿಯುವುದನ್ನು, ನಾವು ನಿಂತೇ ಇದ್ದರೂ ನೆರಳು ತಾನಾಗಿ ಉದ್ದವಾಗುವುದನ್ನು ಕಂಡು ಆಟ ಬಿಟ್ಟು ಸುಮ್ಮನೆ ನೋಡುತ್ತ ಕೂತಿದ್ದುಂಟು. ಮೂರು ದಿನ ಒಂದೇ ಅಂಗಳದಲ್ಲಿ ಸಿಕ್ಕಿಕೊಂಡೆ. ನಾಲ್ಕೂ ಕಡೆ ಗೋಡೆ.

"ಆ ಕಲ್ಲಿನ ದೋಣಿ ಎತ್ತಾಗ ಇಳಿದೈತಿ ನೋಡು" ಎಂದಳು ಅವ್ವ.

"ಯಾವ ದೋಣಿ?"

"ಆಕಿ ಕಾಲಾಗ ಐತಲ್ಲ, ನೀರು ಹರಿಯೋದು."

ನೆಲದಲ್ಲಿ ಗೇಣಗಲದ ಕಲ್ಲಿನ ಕಾಲುವೆಯೊಂದು ಹುಲ್ಲಿನಲ್ಲಿ ಅರ್ಧ ಮುಚ್ಚಿತ್ತು. ಅದು ಬರೀ ಅಲಂಕಾರ ಎಂದುಕೊಂಡಿದ್ದೆ.

"ಆ ಕಡೆ ಗೋಡಿ ಐತವ್ವ, ದಾರಿ ಇಲ್ಲ."

"ನೀರಿಗೆ ದಾರಿ ಬಿಟ್ಟೇ ಗೋಡಿ ಕಟ್ಟಿರ್ತಾರ. ಬುಡದಾಗ ನೋಡು. ಆಚಿಗೆ ಹೊಂಡ ಇರಬೇಕು."

ಬಳ್ಳಿ ಸರಿಸಿದರೆ ಗೋಡೆಯ ಬುಡದಲ್ಲಿ ಬಗ್ಗಿ ನುಸುಳುವಷ್ಟು ಕಂಡಿ. ಆಚೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಮೆಟ್ಟಿಲು, ನಾಲ್ಕೂ ದಿಕ್ಕಿನಿಂದ ಇಳಿದು ತಳದಲ್ಲಿ ಒಂದು ಚೌಕ ನೀರು. ನೀರಿನಲ್ಲಿ ಆಕಾಶ. ನಾನು ಕೂತಲ್ಲಿಂದ ಪರದೆಯ ಹತ್ತಿರಕ್ಕೆ ಸರಿದೆ. ಅವ್ವ ಮಾತ್ರ, "ನೀರಿನ ಗುಣ ತಿಳಿದೋರು ಮಾಡ್ಯಾರ" ಎಂದು ಮತ್ತೆ ಅವರೆಕಾಯಿಯ ಮೊರಕ್ಕೆ ಕೈ ಹಾಕಿದಳು.

"ನಿನಗೆಂಗ ಗೊತ್ತಾತು?"

"ನಾಕು ವರ್ಷ ಹಂಪ್ಯಾಗ ಅದೇ ಕೆಲಸ ಮಾಡೀನಲ್ಲ."

ನಾನು ಕೂಸಾಗಿದ್ದಾಗ ಅವಳು ಹಂಪಿಯಲ್ಲಿ ಮಣ್ಣಿನ ಕೂಲಿಗೆ ಹೋಗುತ್ತಿದ್ದಳೆಂದು ಗೊತ್ತಿತ್ತು. ರಸ್ತೆಯ ಕೆಲಸವಿರಬೇಕು ಎಂದುಕೊಂಡಿದ್ದೆ, ಕೇಳಿರಲಿಲ್ಲ. ಅವತ್ತು ಕೇಳಿದೆ. ಆಗ ನಾವಿದ್ದ ಕಂಪ್ಲಿಯಲ್ಲಿ ಭತ್ತದ ನಾಟಿ ಮುಗಿದ ಮೇಲೆ ಊರಿನ ಹೆಂಗಸರೆಲ್ಲ ಉತ್ಖನನಕ್ಕೆ ಬರುತ್ತಿದ್ದರಂತೆ. ಮೊದಲು ಬುಟ್ಟಿಯಲ್ಲಿ ಮಣ್ಣು ಹೊರುವುದು, ಕೈ ಸೂಕ್ಷ್ಮವಿದ್ದವರಿಗೆ ಆಮೇಲೆ ಬ್ರಷ್ ಕೊಡುತ್ತಿದ್ದರಂತೆ. ಅವ್ವನಿಗೆ ಬ್ರಷ್ ಸಿಕ್ಕಿತ್ತು.

"ಮೊದಲ ಒಂದು ದೋಣಿ ಸಿಕ್ತು. ಅದರ ಹಿಂದ ಹೋದ್ವಿ. ಒಂದು ಮೆಟ್ಲು ಸಿಕ್ತು, ಅದರ ಕೆಳಗ ಇನ್ನೊಂದು. ನಾವು ಮಣ್ಣು ತೆಗೆದಂಗೆಲ್ಲ ಅದು ಇಳಕೋಂತ ಹೋತು. ನನಗ ಹೆದರಿಕಿ ಆಗಿತ್ತು, ತಳ ಇಲ್ಲೇನೋ ಅಂತ."

ಮುಂದಿನ ಭಾನುವಾರ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹಂಪಿಗೆ ಹೋದೆ. ಹಂಪಿ ಬಜಾರಿನಿಂದ ಆಟೊ ಮಾಡಿಕೊಂಡು ಮಹಾನವಮಿ ದಿಬ್ಬದ ಕಡೆ ಹೋಗಿ ಇಳಿದೆವು. ಶಾಲೆಯ ಪ್ರವಾಸದಲ್ಲಿ, ನೆಂಟರ ಜೊತೆಗೆ, ಎಷ್ಟೋ ಸಲ ಅಲ್ಲಿನ ಮೆಟ್ಟಿಲುಗಳ ಹೊಂಡ ನೋಡಿದ್ದೆ. ಅವ್ವ ನೇರವಾಗಿ ಅಂಚಿಗೆ ಹೋಗಿ ಬಗ್ಗಿದಳು. ಕಾವಲುಗಾರ ಸೀಟಿ ಊದಿದ.

"ಹಿಂದಕ್ಕ ಬರ್ರಿ ಅಮ್ಮ."

"ಇದರ ಮಣ್ಣು ತೆಗೆದೋರು ನಾವಪ್ಪ" ಎಂದಳು, ಜಗಳದ ದನಿಯಲ್ಲಿ ಅಲ್ಲ.

ಅವನು ಮರದ ಕೆಳಗಿದ್ದ ತನ್ನ ಕುರ್ಚಿ ತಂದಿಟ್ಟ. "ಕುಂದ್ರಿ. ಎಲ್ಲಿ ತನಕ ಇತ್ತು ಮಣ್ಣು?"

"ನಾವು ನಿಂತೀವಲ್ಲ, ಇಲ್ಲಿ ತನಕ."

ನಾನು ಕೆಳಗೆ ನೋಡಿದೆ. ಬಿಸಿಲಿಗೆ ಮಿರುಗುತ್ತಿದ್ದ ಆ ಕಪ್ಪು ಕಲ್ಲುಗಳೆಲ್ಲ ಒಂದು ಕಾಲದಲ್ಲಿ ಕತ್ತಲಲ್ಲಿದ್ದವು. ಅವ್ವ ಮತ್ತು ಅವಳ ಜೊತೆಗಾತಿಯರು ಬುಟ್ಟಿ ಬುಟ್ಟಿಯಾಗಿ ಅವನ್ನು ಬೆಳಕಿಗೆ ತಂದಿದ್ದರು. ಕಲ್ಲುಗಳ ಮೇಲೆಲ್ಲ ಕಟ್ಟಿದವರು ಕೊರೆದ ಗುರುತುಗಳಿವೆ, ಯಾವುದು ಎಲ್ಲಿ ಕೂರಬೇಕೆಂದು. ಓದು ಬಾರದ ಅವ್ವ ತಾನು ಬ್ರಷ್ ಆಡಿಸಿದ್ದ ಒಂದು ಗುರುತನ್ನು ಗಾಳಿಯಲ್ಲಿ ಬೆರಳಿನಿಂದ ಬರೆದು ಕಾವಲುಗಾರನಿಗೆ ತೋರಿಸಿದಳು.

ಅದಾಗಿ ಎರಡು ವಾರಕ್ಕೆ ಆಟ ಮುಗಿಯಿತು. ಪರದೆಯ ಮೇಲೆ ಮಾಡಿದವರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಏರತೊಡಗಿದವು. ಟಿವಿ ಆರಿಸಲು ಹೋದ ನನ್ನನ್ನು ಅವ್ವ ತಡೆದಳು.

"ಅದೇನು ಬರದಾರ?"

"ಮಾಡಿದೋರ ಹೆಸರು."

"ಎಲ್ಲಾರದೂ ಬರದಾರ? ಹೊಂಡದ ಕಡೆ ನಮ್ಮ ಹೆಸರು ಯಾರೂ ಬರೀಲಿಲ್ಲ. ಓದು ಮತ್ತ."

ನಾಲಿಗೆ ಹೊರಳದ ಹೆಸರುಗಳನ್ನು ತೊದಲುತ್ತ ಓದಿದೆ. ಅನ್ನಕ್ಕೆ ಇಡುವ ಹೊತ್ತು ಮೀರಿತ್ತು. ಅವ್ವ ಕಾಲು ಮಡಚಿ ಕೂತು ಕೊನೆಯ ಹೆಸರಿನ ತನಕ ಕೇಳಿದಳು. "ಇದರಾಗ ಹೆಣ್ಮಕ್ಕಳು ಎಷ್ಟು ಮಂದಿ?" ಎಂದಳು. ಆ ಹೆಸರುಗಳಿಂದ ನನಗೆ ಗೊತ್ತಾಗಲಿಲ್ಲ. ಹಾಗೆಂದೇ ಹೇಳಿದೆ.